ಕೆಚ್ಚಲು ಕಟ್ಟಿ ಮಾರುವ ಬೆಲೆ

ಹಾಲು ಕೊಡುವ ಆಡನ್ನೋ ಒಂಟೆಯನ್ನೋ ಮಾರಲು ಹೊರಟವನು ಎರಡು ಮೂರು ದಿನ ಅದರ ಹಾಲು ಕರೆಯದೆ ಕೆಚ್ಚಲನ್ನು ಕಟ್ಟಿ ಬಿಡುತ್ತಿದ್ದ. ಸಂತೆಯಲ್ಲಿ ಕೊಳ್ಳುವವನ ಕಣ್ಣಿಗೆ ಬೀಳುವುದು ಬಿಗಿದು ತುಂಬಿದ ಕೆಚ್ಚಲು. ದಿನವೂ ಇಷ್ಟೇ ಹಾಲು ಕೊಡುವ ಪ್ರಾಣಿಯಿದು ಎಂದು ನಂಬಿ ಅವನು ಹೆಚ್ಚಿನ ಬೆಲೆ ತೆತ್ತು ಮನೆಗೆ ಹೊಡೆದುಕೊಂಡು ಹೋಗುತ್ತಾನೆ. ಮೊದಲ ದಿನ ಪಾತ್ರೆ ತುಂಬುತ್ತದೆ, ಎರಡನೆಯ ದಿನ ತಳ ಕಾಣುತ್ತದೆ. ಅರಬರ ಸಂತೆಗಳಲ್ಲಿ ಇದ್ದ ಈ ಉಪಾಯವನ್ನು ಪ್ರವಾದಿ ಮುಹಮ್ಮದ್(ಸ) ನಿಷೇಧಿಸಿದರು. ಹೀಗೆ ಮೋಸಹೋದವನಿಗೆ, ಬೇಕಿದ್ದರೆ ಪ್ರಾಣಿಯನ್ನು ಇಟ್ಟುಕೊಳ್ಳುವ, ಬೇಡವಾದರೆ ಕರೆದ ಹಾಲಿಗೆ ಬದಲಾಗಿ ಒಂದು ಸಾಅ್ ಖರ್ಜೂರ ಸೇರಿಸಿ ಹಿಂದಿರುಗಿಸುವ ಹಕ್ಕನ್ನು ನೀಡಿದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ಹದೀಸ್ ಇದೆ. ದರ್ಸ್‌ನಲ್ಲಿ ಫತ್‌ಹುಲ್ ಮುಈನ್ ಓದುತ್ತಿದ್ದಾಗ ವ್ಯಾಪಾರದ ಅಧ್ಯಾಯದಲ್ಲಿ ಈ ವಿಷಯ ಬಂದಾಗ ನಾವು ಹುಡುಗರು ನಕ್ಕಿದ್ದೆವು. ಆದರೆ ಉಸ್ತಾದರು ನಗಲಿಲ್ಲ. ಮಾರುವವನು ಬಾಯಿಬಿಟ್ಟು ಒಂದು ಸುಳ್ಳನ್ನೂ ಹೇಳಿಲ್ಲ ನೋಡಿ, ಅವನ ಪರವಾಗಿ ಕೆಚ್ಚಲು ಸುಳ್ಳು ಹೇಳಿದೆ ಎಂದಿದ್ದರು.

ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ಆ ಕೆಚ್ಚಲನ್ನು ನಾನು ಬೆಂಗಳೂರಿನ ಒಂದು ಹೋಟೆಲಿನ ಸಭಾಂಗಣದಲ್ಲಿ ಕಂಡೆ.

ನನ್ನ ತಂಗಿಯ ಮಗಳ ನಿಕಾಹ್ ನಿಶ್ಚಯವಾಗಿತ್ತು. ಹೆಸರಾಂತ ವಿನ್ಯಾಸಕರ ಉಡುಪುಗಳ ‘ಸ್ಯಾಂಪಲ್ ಸೇಲ್’ ಎರಡೇ ದಿನ ನಡೆಯಲಿದೆ, ಮೂರರಲ್ಲೊಂದು ಬೆಲೆಗೆ ಸಿಗುತ್ತದೆ ಎಂಬ ಸುದ್ದಿಯನ್ನು ಯಾರೋ ಮೊಬೈಲಿಗೆ ಕಳುಹಿಸಿದ್ದರು. ಊರಿನಿಂದ ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಗಿನ ಹೊತ್ತಿಗೆ ಅಲ್ಲಿ ತಲುಪಿದಾಗ ಆಗಲೇ ಸರದಿ ಬೀದಿಯವರೆಗೆ ಬಂದಿತ್ತು. ಟೋಕನ್ ಕೊಟ್ಟು ನಲ್ವತ್ತು ನಲ್ವತ್ತು ಮಂದಿಯನ್ನು ಒಳಗೆ ಬಿಡುತ್ತಿದ್ದರು. ತೊಟ್ಟು ನೋಡಲು ಕೋಣೆಯಿಲ್ಲ, ಬದಲಾಯಿಸಿ ಕೊಡುವುದಿಲ್ಲ, ಹಿಂದಕ್ಕೆ ಪಡೆಯುವುದಿಲ್ಲ ಎಂದು ಬಾಗಿಲಲ್ಲೇ ಬರೆದಿದ್ದರು. ಒಳಗೆ ಲೆಹಂಗಾಗಳ ಸಾಲು. ಪ್ರತಿಯೊಂದರ ಚೀಟಿಯಲ್ಲೂ ಎರಡು ಸಂಖ್ಯೆಗಳು: 42,000 ಎಂಬುದರ ಮೇಲೆ ಕೆಂಪು ಗೀಟು, ಅದರ ಕೆಳಗೆ 13,500. ಹೆಂಗಸರು ಉಡುಪುಗಳನ್ನು ಅಪ್ಪಿಹಿಡಿದು ನಿಂತಿದ್ದರು, ಕೈಬಿಟ್ಟರೆ ಇನ್ನೊಬ್ಬರ ಪಾಲಾಗುತ್ತದೆಂಬ ಭಯ ಅವರಿಗೆ. ನಮ್ಮೊಂದಿಗೆ ಬಂದಿದ್ದ ಸಂಬಂಧಿಕರೊಬ್ಬರು ನಲ್ವತ್ತು ವರ್ಷ ಹೊಲಿಗೆ ಯಂತ್ರ ತುಳಿದವರು. ಅವರು ಬಟ್ಟೆಯನ್ನು ಮುಟ್ಟುವ ಮೊದಲು ಸಾಲನ್ನು ಎಣಿಸಿದರು. ಒಂದೇ ಲೆಹಂಗಾ, ಒಂದೇ ಬಣ್ಣ, ನಾಲ್ಕು ಅಳತೆಗಳಲ್ಲಿ ಇಪ್ಪತ್ತೆರಡು. ‘ಮಾದರಿ ಎಂದರೆ ಒಂದು ಇರುತ್ತದೆ, ಹೆಚ್ಚೆಂದರೆ ಎರಡು. ಇದು ಮಾರಲೆಂದೇ ಹೊಲಿದದ್ದು’ ಎಂದು ನನ್ನ ಕಿವಿಯಲ್ಲಿ ಹೇಳಿದರು.

ಸ್ಯಾಂಪಲ್ ಸೇಲ್ ಎಂಬ ಪದಕ್ಕೆ ಒಂದು ಪ್ರಾಮಾಣಿಕ ಮೂಲವಿದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್‌ನಲ್ಲಿ ಸೆವೆಂತ್ ಅವೆನ್ಯೂ ಸುತ್ತಮುತ್ತ ಉಡುಪು ತಯಾರಕರ ಒಂದು ಪೇಟೆಯಿದೆ. ಪ್ರತಿ ಋತುವಿಗೂ ಮುನ್ನ ತಯಾರಕರು ಪ್ರತಿ ವಿನ್ಯಾಸದ ಒಂದೆರಡು ಮಾದರಿಗಳನ್ನು ರೂಪದರ್ಶಿಯ ಅಳತೆಗೆ ಹೊಲಿಸಿ, ದೊಡ್ಡ ಅಂಗಡಿಗಳ ಖರೀದಿದಾರರಿಗೆ ತೋರಿಸಿ, ಬೇಡಿಕೆ ಪಡೆಯುತ್ತಿದ್ದರು. ಋತು ಮುಗಿದ ಮೇಲೆ ಆ ಮಾದರಿಗಳಿಂದ ಪ್ರಯೋಜನವಿಲ್ಲ. ಕೈಯಿಂದ ಕೈಗೆ ಹೋಗಿ ಒಂದಿಷ್ಟು ಮಾಸಿರುತ್ತವೆ, ಗುಂಡಿ ಕಿತ್ತಿರುತ್ತದೆ. ಅವನ್ನು ಪರಿಚಯದವರಿಗೆ ಅಗ್ಗವಾಗಿ ಕೊಟ್ಟು ಜಾಗ ಖಾಲಿ ಮಾಡಿಕೊಳ್ಳುತ್ತಿದ್ದರು. ಅಲ್ಲಿ ಬೆಲೆ ಇಳಿಯಲು ಕಾರಣವಿತ್ತು, ಆ ಕಾರಣ ಕೊಳ್ಳುವವನ ಕಣ್ಣೆದುರಿಗೇ ಇತ್ತು. ನಮ್ಮ ಬೆಂಗಳೂರಿನಲ್ಲೂ ಬ್ರಿಗೇಡ್ ರಸ್ತೆಯ ಆಸುಪಾಸಿನ ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂಗಡಿಗಳು ಹೀಗೆಯೇ ಹುಟ್ಟಿದವು. ವಿದೇಶೀ ಕಂಪೆನಿಗೆಂದು ಹೊಲಿದ ಅಂಗಿಗಳಲ್ಲಿ ಹೆಚ್ಚಾಗಿ ಉಳಿದದ್ದು, ಸಣ್ಣ ದೋಷಕ್ಕಾಗಿ ತಿರಸ್ಕೃತವಾದದ್ದು, ಹೆಸರಿನ ಪಟ್ಟಿ ಕತ್ತರಿಸಿಕೊಂಡು ಅಲ್ಲಿಗೆ ಬರುತ್ತಿತ್ತು. ವಿದ್ಯಾರ್ಥಿಯಾಗಿದ್ದಾಗ ನಾನೂ ಅಲ್ಲಿ ಒಂದು ಅಂಗಿ ಕೊಂಡಿದ್ದೆ. ಕಾಲರಿನ ಹೊಲಿಗೆ ಸ್ವಲ್ಪ ಓರೆಯಾಗಿದೆ ಎಂದು ಅಂಗಡಿಯವನೇ ತೋರಿಸಿಕೊಟ್ಟಿದ್ದ. ಆರು ವರ್ಷ ಬಾಳಿತು.

ಆ ಪದವನ್ನು ಮಾತ್ರ ಉಳಿಸಿಕೊಂಡು ಅದರೊಳಗಿನ ಕಾರಣವನ್ನು ತೆಗೆದುಹಾಕಿದರೆ ಉಳಿಯುವುದೇ ಇಂದಿನ ರಿಯಾಯಿತಿ ಮಾರಾಟ. ಗೀಟೆಳೆದ ಆ ಮೇಲಿನ ಸಂಖ್ಯೆ ಯಾರು ಯಾರಿಗೆ ಮಾರಿದ ಬೆಲೆ? ಆ ಲೆಹಂಗಾವನ್ನು 42,000 ಕೊಟ್ಟು ಕೊಂಡ ಒಬ್ಬಳೇ ಒಬ್ಬಳು ಸ್ತ್ರೀ ಈ ಭೂಮಿಯ ಮೇಲೆ ಇದ್ದಾಳೆಯೇ? ನಮ್ಮ ದೇಶದಲ್ಲಿ ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆಯನ್ನು ಮುದ್ರಿಸಬೇಕೆಂಬ ಕಾನೂನು ಇದೆ. ಆದರೆ ಬಟ್ಟೆಗೆ ಆ ಬೆಲೆ ಎಷ್ಟಿರಬೇಕೆಂದು ನಿರ್ಧರಿಸುವವನು ತಯಾರಕನೇ. ಅದಕ್ಕಿಂತ ಹೆಚ್ಚಿಗೆ ಮಾರಬಾರದು ಎಂಬುದಷ್ಟೇ ನಿಯಮ. ಕೊಳ್ಳುವವನ ರಕ್ಷಣೆಗೆಂದು ಹುಟ್ಟಿದ ಆ ಸಂಖ್ಯೆಯನ್ನೇ ಗೀಟೆಳೆಯುವುದಕ್ಕಾಗಿ ಎತ್ತರಕ್ಕೆ ಏರಿಸಿ ಬರೆಯುವುದು ಈಗ ಒಂದು ಕಲೆಯಾಗಿದೆ.

ಗೀಟೆಳೆದ ಸಂಖ್ಯೆಯಿಂದ ನಾವು ಮೋಸಹೋಗುವುದಿಲ್ಲ, ನಮಗೆ ಲೆಕ್ಕ ಬರುತ್ತದೆ ಎಂದು ಭಾವಿಸುವವರಿದ್ದಾರೆ. ಅವರಿಗೆ 1974ರಲ್ಲಿ ಪ್ರಕಟವಾದ ಒಂದು ಪ್ರಯೋಗದ ಬಗ್ಗೆ ಹೇಳಬೇಕು. ಟ್ವರ್‌ಸ್ಕಿ ಮತ್ತು ಕಾನೆಮನ್ ಎಂಬ ಇಬ್ಬರು ಮನೋವಿಜ್ಞಾನಿಗಳು ಜನರ ಎದುರು ಸಂಖ್ಯೆಗಳಿರುವ ಒಂದು ಚಕ್ರವನ್ನು ತಿರುಗಿಸಿದರು. ಅದು 10ರಲ್ಲಿ ಅಥವಾ 65ರಲ್ಲಿ ಮಾತ್ರ ನಿಲ್ಲುವಂತೆ ಮೊದಲೇ ಮಾಡಿಟ್ಟಿದ್ದರು. ಬಳಿಕ, ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳಲ್ಲಿ ಶೇಕಡಾ ಎಷ್ಟು ಆಫ್ರಿಕಾದವು ಎಂದು ಕೇಳಿದರು. ಚಕ್ರಕ್ಕೂ ಪ್ರಶ್ನೆಗೂ ಯಾವ ಸಂಬಂಧವೂ ಇಲ್ಲ. ಆದರೂ 10ನ್ನು ಕಂಡವರ ಸರಾಸರಿ ಊಹೆ 25ರಷ್ಟಿತ್ತು, 65ನ್ನು ಕಂಡವರದು 45ರಷ್ಟು. ಮೊದಲು ಕಂಡ ಸಂಖ್ಯೆಗೆ ಮನಸ್ಸು ಗೂಟಕ್ಕೆ ಕಟ್ಟಿದ ಕರುವಿನಂತೆ ಸುತ್ತುಹಾಕುತ್ತದೆ. ಆ ಗೂಟವನ್ನು ನೆಡುವುದೇ ಕೆಂಪು ಗೀಟಿನ ಕೆಲಸ. ಗೀಟಿನ ಜೊತೆಗೆ ಅವಸರವೂ ಇರುತ್ತದೆ: ಎರಡೇ ದಿನ, ಕೊನೆಯ ಮೂರು ಮಾತ್ರ, ಈಗ ಹದಿನೇಳು ಮಂದಿ ಇದನ್ನು ನೋಡುತ್ತಿದ್ದಾರೆ. ಆನ್‌ಲೈನ್ ಮಾರಾಟದ ಈ ಬಗೆಯ ತಂತ್ರಗಳ ವಿರುದ್ಧ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿ 13 ವಿಧಗಳನ್ನು ಪಟ್ಟಿ ಮಾಡಿತು. ಅವುಗಳಲ್ಲಿ ಮೊದಲನೆಯದೇ ಸುಳ್ಳು ಅವಸರ. ಸರಕಾರಕ್ಕೆ ಈಗ ಹೊಳೆದದ್ದು ನಮ್ಮ ಹದೀಸ್ ಗ್ರಂಥಗಳ ವ್ಯಾಪಾರದ ಅಧ್ಯಾಯಗಳಲ್ಲಿ ಹಿಂದಿನಿಂದಲೇ ಇದೆ. ಕೊಳ್ಳುವ ಉದ್ದೇಶವಿಲ್ಲದೆ, ಬೇರೊಬ್ಬನನ್ನು ಹುರಿದುಂಬಿಸಲಿಕ್ಕಾಗಿ ಬೆಲೆ ಏರಿಸಿ ಕೂಗುವುದಕ್ಕೆ ನಜ್‌ಶ್ ಎಂದು ಹೆಸರು, ಪ್ರವಾದಿ(ಸ)ರು ಅದನ್ನೂ ತಡೆದಿದ್ದಾರೆ. ನಾನು ಫತ್ವಾ ಕೊಡುತ್ತಿಲ್ಲ, ಅದಕ್ಕೆ ಅರ್ಹರು ಬೇರೆ ಇದ್ದಾರೆ. ಆದರೆ ಅಂದು ಸಂತೆಯಲ್ಲಿ ಬಾಡಿಗೆಯ ಕೂಗುಗಾರ ಮಾಡುತ್ತಿದ್ದ ಕೆಲಸವನ್ನು ಇಂದು ಚೀಟಿಯ ಮೇಲಿನ ಸಂಖ್ಯೆ ಮಾಡುತ್ತಿದೆ ಎಂಬುದನ್ನು ಕಾಣಲು ಮುಫ್ತಿಯಾಗಬೇಕಿಲ್ಲ.

ರಿಯಾಯಿತಿಯೇ ತಪ್ಪೆಂದು ಯಾರೂ ಅರ್ಥ ಮಾಡಿಕೊಳ್ಳಬಾರದು. ಫಿಕ್‌ಹ್ ಗ್ರಂಥಗಳಲ್ಲಿ ಅದಕ್ಕೆ ಪ್ರತ್ಯೇಕ ಹೆಸರೇ ಇದೆ. ತಾನು ಕೊಂಡ ಬೆಲೆಯನ್ನು ತಿಳಿಸಿ ಇಷ್ಟು ಲಾಭಕ್ಕೆ ಕೊಡುತ್ತೇನೆ ಎನ್ನುವುದು ಮುರಾಬಹ, ಕೊಂಡ ಬೆಲೆಗೇ ಕೊಡುವುದು ತೌಲಿಯ, ಕೊಂಡದ್ದಕ್ಕಿಂತ ಕಡಿಮೆಗೆ ಕೊಡುವುದು ವದೀಅ. ಈ ಮೂರನ್ನೂ ಒಟ್ಟಾಗಿ ವಿಶ್ವಾಸದ ಮಾರಾಟಗಳೆಂದು ಕರೆಯುತ್ತಾರೆ, ಏಕೆಂದರೆ ಕೊಳ್ಳುವವನಿಗೆ ಮಾರುವವನ ಮಾತನ್ನು ಬಿಟ್ಟು ಬೇರೆ ಆಧಾರವಿಲ್ಲ. ಮೂಲ ಬೆಲೆಯ ವಿಷಯದಲ್ಲಿ ಸುಳ್ಳಾಡಿದ್ದು ಗೊತ್ತಾದರೆ ಕೊಂಡವನಿಗೆ ಏನು ಪರಿಹಾರ ಎಂಬ ಬಗ್ಗೆ ಇಮಾಮರ ನಡುವೆ ಚರ್ಚೆ ಇದೆ. ಕೆಲವರು ಸರಕನ್ನು ಹಿಂದಿರುಗಿಸುವ ಹಕ್ಕಿದೆ ಎನ್ನುತ್ತಾರೆ, ಕೆಲವರು ಹೆಚ್ಚಾದ ಮೊತ್ತವನ್ನು ಕಡಿತಗೊಳಿಸಬೇಕು ಎನ್ನುತ್ತಾರೆ. ಸುಳ್ಳಾಡಿದರೂ ಚಿಂತೆಯಿಲ್ಲ, ಅದು ವ್ಯಾಪಾರದ ಜಾಣತನ ಎಂದವರು ಮಾತ್ರ ಅವರಲ್ಲಿ ಯಾರೂ ಇಲ್ಲ.

ಇಮಾಮ್ ಅಬೂ ಹನೀಫರು ಕೂಫಾ ಪಟ್ಟಣದಲ್ಲಿ ರೇಷ್ಮೆ ಮಿಶ್ರಿತ ಬಟ್ಟೆಯ ವ್ಯಾಪಾರಿಯಾಗಿದ್ದರು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಅವರು ಒಮ್ಮೆ ಪಾಲುದಾರರಿಗೆ ಸರಕು ಕಳುಹಿಸುವಾಗ, ಇಂಥ ಬಟ್ಟೆಯಲ್ಲಿ ದೋಷವಿದೆ, ಮಾರುವಾಗ ತಿಳಿಸಿ ಮಾರಿ ಎಂದು ಹೇಳಿದ್ದರಂತೆ. ಪಾಲುದಾರರು ಮರೆತರು. ಯಾರಿಗೆ ಮಾರಿದ್ದೆಂದೂ ನೆನಪಿಲ್ಲ. ಇಮಾಮರು ಆ ಸರಕಿನಿಂದ ಬಂದ ಹಣವನ್ನು ಪೂರ್ತಿಯಾಗಿ ದಾನ ಮಾಡಿಬಿಟ್ಟರು ಎಂದು ಅವರ ಚರಿತ್ರೆಕಾರರು ಬರೆದಿದ್ದಾರೆ. ಇಂದು ನಾವು ಸೆಕೆಂಡ್ಸ್ ಎಂದು ಕರೆಯುವ ಬಟ್ಟೆಯ ವಿಷಯವೇ ಇದು. ಮಾರಾಟದಲ್ಲಿ ಸುಳ್ಳು ಹೇಳಿದ್ದಕ್ಕಲ್ಲ, ಸತ್ಯ ಹೇಳಲು ಮರೆತದ್ದಕ್ಕೆ ಅಷ್ಟು ಹಣ ತೆತ್ತರು.

ಈಗ ನಮ್ಮ ಬೀದಿಗಳಿಗೆ ಬರೋಣ. ರಮಝಾನಿನ ಕೊನೆಯ ಹತ್ತು ದಿನಗಳಲ್ಲಿ ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟ್, ಶಿವಾಜಿನಗರ ಕಡೆಗೆ ಹೋದವರು ನೋಡಿರುತ್ತಾರೆ. ತರಾವೀಹ್ ಮುಗಿದ ಮೇಲೆ ಕಾಲಿಡಲು ಜಾಗವಿಲ್ಲ. ಶೇಕಡಾ 50, ಶೇಕಡಾ 70, ಒಂದಕ್ಕೆ ಎರಡು ಎಂಬ ಫಲಕಗಳು. ಮಂಗಳೂರು, ಹುಬ್ಬಳ್ಳಿ, ಕಲಬುರಗಿಯ ಪೇಟೆಗಳೂ ಹಿಂದೆ ಬಿದ್ದಿಲ್ಲ. ಫಲಕ ಹಾಕಿದವರಲ್ಲಿ ನಮ್ಮವರೂ ಬೇಕಾದಷ್ಟಿದ್ದಾರೆ, ಮುಂದಿನ ಸಾಲಿನಲ್ಲಿ ನಮಾಝ್ ಮಾಡುವವರು, ಮಸೀದಿಗೆ ಕೈಯೆತ್ತಿ ಕೊಡುವವರು. ಅವರಿಗೆ ನನ್ನದೊಂದು ಸರಳ ಪ್ರಶ್ನೆಯಿದೆ. ಕರ್ನಾಟಕದ ಸೀರೆ ಅಂಗಡಿಗಳು ಆಷಾಢದಲ್ಲಿ ರಿಯಾಯಿತಿ ಕೊಡುತ್ತವೆ. ಆ ತಿಂಗಳಲ್ಲಿ ಹಿಂದೂಗಳಲ್ಲಿ ಮದುವೆಗಳು ನಡೆಯುವುದಿಲ್ಲ, ಸರಕು ನಿಂತುಬಿಡುತ್ತದೆ, ಬೆಲೆ ಇಳಿಸುತ್ತಾರೆ. ಇದು ಅರ್ಥವಾಗುವ ಮಾತು. ಆದರೆ ಇಡೀ ವರ್ಷದಲ್ಲಿ ಬೇಡಿಕೆ ಅತ್ಯಂತ ಹೆಚ್ಚಿರುವ, ಹೇಳಿದ ಬೆಲೆಗೆ ಕೊಂಡುಹೋಗಲು ಜನ ಮುಗಿಬೀಳುವ ಈದ್‌ನ ಮುಂಚಿನ ವಾರದಲ್ಲಿ ಶೇಕಡಾ 70 ಇಳಿಸಿ ಮಾರುವಷ್ಟು ಔದಾರ್ಯ ಎಲ್ಲಿಂದ ಬರುತ್ತದೆ? ಶಅಬಾನಿನಲ್ಲಿ ಅದೇ ಬಟ್ಟೆಯ ಚೀಟಿಯಲ್ಲಿ ಯಾವ ಸಂಖ್ಯೆ ಇತ್ತು?

ಕೊಳ್ಳುವ ನಾವೇನೂ ಮುಗ್ಧರಲ್ಲ. ಲೈಲತುಲ್ ಕದ್ರ್ ಅನ್ನು ಅರಸಬೇಕಾದ ಬೆಸ ರಾತ್ರಿಗಳಲ್ಲಿ ಮಗಳ ಉಡುಪಿಗೆ ಹೊಂದುವ ಬಳೆಯನ್ನು ಅರಸುತ್ತಿರುತ್ತೇವೆ. ಈದ್‌ಗೆ ಹೊಸ ಬಟ್ಟೆ ಸುನ್ನತ್ ಎಂಬುದು ಸಮರ್ಥನೆ. ಇರುವುದರಲ್ಲಿ ಉತ್ತಮವಾದುದನ್ನು ಉಡುವುದು ಸುನ್ನತ್. ಹೊಸತು ಇದ್ದರೆ ಒಳ್ಳೆಯದೇ, ಮಕ್ಕಳ ಸಂತೋಷವನ್ನು ನಾನೇಕೆ ಕಿತ್ತುಕೊಳ್ಳಲಿ? ಅಲ್ಲಾಹನು ಸುಂದರನು, ಸೌಂದರ್ಯವನ್ನು ಪ್ರೀತಿಸುತ್ತಾನೆ ಎಂಬ ಹದೀಸನ್ನೂ ನಮ್ಮವರು ತಪ್ಪದೆ ನೆನಪಿಸುತ್ತಾರೆ. ಆದರೆ ಅದೇ ಹದೀಸಿನಲ್ಲಿ, ಅಹಂಕಾರವೆಂದರೆ ಸತ್ಯವನ್ನು ತಳ್ಳಿಹಾಕುವುದು ಮತ್ತು ಜನರನ್ನು ಕೀಳಾಗಿ ಕಾಣುವುದು ಎಂಬ ಭಾಗವೂ ಇದೆ. ವಿನ್ಯಾಸಕನ ಹೆಸರು ಕಾಣುವಂತೆ ಸೆರಗನ್ನು ಮಡಚುವಾಗ ಆ ಭಾಗ ನೆನಪಾಗುವುದಿಲ್ಲ.

ಇನ್ನೊಂದು ಆಕ್ಷೇಪವಿದೆ, ಅದನ್ನು ನಾನು ಗೌರವದಿಂದ ಕಾಣುತ್ತೇನೆ. ಸಂಬಳ ಸಾಲದ ಕುಟುಂಬಕ್ಕೆ ರಿಯಾಯಿತಿಯೊಂದೇ ದಾರಿಯಲ್ಲವೇ, ಉಸ್ತಾದರು ಅದನ್ನೂ ಮುಚ್ಚುತ್ತೀರಾ ಎಂದು ಒಬ್ಬ ತಾಯಿ ನನ್ನನ್ನು ಕೇಳಿದ್ದರು. ಇಲ್ಲ ತಾಯಿ. ಮನೆಯಿಂದ ಹೊರಡುವ ಮೊದಲು ಬೇಕಾದುದನ್ನು ಚೀಟಿಯಲ್ಲಿ ಬರೆದುಕೊಂಡು, ಎರಡು ಅಂಗಡಿಗಳಲ್ಲಿ ವಿಚಾರಿಸಿ, ಚೌಕಾಸಿ ಮಾಡಿ ಕಡಿಮೆಗೆ ತರುವವರು ನನ್ನ ಮಾತಿನ ಗುರಿಯಲ್ಲ, ಅವರಿಂದ ನಾನು ಕಲಿಯಬೇಕು. ನನ್ನ ಮಾತು ಬೇಡದ್ದನ್ನು ಕೊಂಡು, 13,500 ಖರ್ಚು ಮಾಡಿ, 28,500 ಉಳಿಸಿದೆ ಎಂದು ಮನೆಗೆ ಬರುವವರ ಕುರಿತು. ಆ ಉಳಿದ ಹಣ ಯಾವ ಡಬ್ಬಿಯಲ್ಲಿದೆ? ಅದಕ್ಕೆ ಝಕಾತ್ ಲೆಕ್ಕ ಹಾಕಿದ್ದೀರಾ? ನಮ್ಮ ಮನೆಯಲ್ಲೂ ಆ ದಿನ ಹೀಗೇ ಆಯಿತು ಎಂಬುದನ್ನು ಮುಚ್ಚಿಡಲಾರೆ. ದರ್ಜಿಯ ಮಾತನ್ನು ಕೇಳಿದ ಬಳಿಕವೂ ಆ ಲೆಹಂಗಾವನ್ನು ಕೊಂಡೆವು. ಹಣ ಕೊಟ್ಟವನು ನಾನು. ಹುಡುಗಿ ಒಮ್ಮೆ ಉಟ್ಟಳು, ಎರಡನೆಯ ಸಲ ಉಡುವ ಮೊದಲೇ ಜರಿ ಕಪ್ಪಾಗಿತ್ತು.

ಅಲ್ಲಿಯೇ ನಮ್ಮೆದುರಿಗೆ ಮತ್ತೊಂದು ಫಲಕವಿತ್ತು: ಬಡ್ಡಿಯಿಲ್ಲದ ಕಂತು. ಬಡ್ಡಿ ಹರಾಮ್ ಎಂದು ಬಲ್ಲ ನಮ್ಮವರು ಈ ಪದವನ್ನು ಕಂಡೊಡನೆ ನಿರಾಳರಾಗುತ್ತಾರೆ. ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಇಲ್ಲ, ಅದು ಗ್ರಾಹಕರನ್ನು ಸೆಳೆಯುವ ತಂತ್ರ ಎಂಬ ನಿಲುವನ್ನು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು. ಈಗ ರೂಢಿಯಲ್ಲಿರುವ ಇಂತಹ ಯೋಜನೆಗಳಲ್ಲಿ ಸಾಮಾನ್ಯವಾಗಿ ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ. ಅಷ್ಟೇ ಮೊತ್ತವನ್ನು ಮಾರುವವನು ಬೆಲೆಯಲ್ಲಿ ಕಳೆದಂತೆ ತೋರಿಸುತ್ತಾನೆ, ಆ ಬಡ್ಡಿಯ ಮೇಲಿನ ತೆರಿಗೆ ನಿಮ್ಮ ಖಾತೆಗೆ ಬೀಳುತ್ತದೆ. ಕಾರ್ಡಿನ ತಿಂಗಳ ವಿವರಪಟ್ಟಿಯನ್ನು ಸಮಾಧಾನದಿಂದ ಒಮ್ಮೆ ಓದಿ ನೋಡಿ, ಬಡ್ಡಿ ಎಂಬ ಪದ ಅಲ್ಲೇ ಕುಳಿತಿರುತ್ತದೆ.

ಬೆಲೆ ನಿಜವಾಗಿಯೇ ಇಳಿದಿದ್ದರೆ? ಆಗ ಮತ್ತೊಂದು ಪ್ರಶ್ನೆ ಏಳುತ್ತದೆ, ಇಳಿದ ಭಾಗ ಯಾರ ತಟ್ಟೆಯಿಂದ ಬಂತು ಎಂದು. ಬೆಂಗಳೂರು ಅಗ್ಗದ ಬಟ್ಟೆ ಕೊಳ್ಳುವ ಊರು ಮಾತ್ರವಲ್ಲ, ಹೊಲಿಯುವ ಊರೂ ಹೌದು. ಪೀಣ್ಯ, ಮೈಸೂರು ರಸ್ತೆ, ಹೊಸೂರು ರಸ್ತೆಯ ಕಾರ್ಖಾನೆಗಳಲ್ಲಿ ಹೊಲಿಯುವವರಲ್ಲಿ ಬಹುಪಾಲು ಹೆಂಗಸರು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹಣ ಹಿಂಪಡೆಯುವುದಕ್ಕೆ ಕೇಂದ್ರ ಸರಕಾರ ಹೊಸ ನಿರ್ಬಂಧ ತಂದಾಗ ಸಾವಿರಾರು ಹೆಂಗಸರು ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದು ನಗರವನ್ನೇ ನಿಲ್ಲಿಸಿದರು. ಸರಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಬೇಕಾಯಿತು. ಅಷ್ಟು ಸಣ್ಣ ಉಳಿತಾಯಕ್ಕಾಗಿ ಅಷ್ಟು ಜನ ಬೀದಿಗೆ ಬಂದರೆಂದರೆ ಅವರ ಕೈಯಲ್ಲಿ ಬೇರೇನೂ ಇರಲಿಲ್ಲವೆಂದೇ ಅರ್ಥ. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ಸವಾರ್‌ನಲ್ಲಿ ರಾನಾ ಪ್ಲಾಝಾ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿತ್ತು, ಆದರೂ ಅವರನ್ನು ಕೆಲಸಕ್ಕೆ ಕರೆಸಲಾಗಿತ್ತು. ಅವರು ಹೊಲಿಯುತ್ತಿದ್ದುದು ಪಶ್ಚಿಮದ ಅಂಗಡಿಗಳ ಬಟ್ಟೆ. ದುಬಾರಿ ಹೆಸರುಗಳ ಕಥೆ ಇದರ ಇನ್ನೊಂದು ತುದಿ. ಬರ್ಬೆರಿ ಎಂಬ ಇಂಗ್ಲಿಷ್ ಕಂಪೆನಿ ಒಂದೇ ವರ್ಷದಲ್ಲಿ 2 ಕೋಟಿ 86 ಲಕ್ಷ ಪೌಂಡ್ ಮೌಲ್ಯದ ಮಾರಾಟವಾಗದ ಸರಕನ್ನು ನಾಶಪಡಿಸಿತ್ತೆಂಬುದು 2018ರಲ್ಲಿ ಬಹಿರಂಗವಾಯಿತು. ಅಗ್ಗವಾಗಿ ಯಾರ ಕೈಗಾದರೂ ಸಿಕ್ಕರೆ ಹೆಸರು ಕೆಡುತ್ತದೆಂಬ ಭಯಕ್ಕೆ ದುಬಾರಿ ಹೆಸರಿನ ಕಂಪೆನಿಗಳಲ್ಲಿ ಹೀಗೆ ಮಾಡುವ ರೂಢಿಯಿತ್ತು. ಟೀಕೆ ಬಂದ ಮೇಲೆ ಅದೇ ವರ್ಷ ಬರ್ಬೆರಿ ಆ ಪದ್ಧತಿಯನ್ನು ನಿಲ್ಲಿಸುವುದಾಗಿ ಘೋಷಿಸಿತು. ದುಂದು ಮಾಡುವವರನ್ನು ಕುರ್‌ಆನ್ ಯಾರ ಸಹೋದರರೆಂದು ಕರೆದಿದೆ ಎಂಬುದನ್ನು ಬನೀ ಇಸ್ರಾಈಲ್ ಅಧ್ಯಾಯದಲ್ಲಿ ಓದಿಕೊಳ್ಳಬಹುದು.

ಇಷ್ಟೆಲ್ಲ ಬರೆದ ಮೇಲೆ ವ್ಯಾಪಾರಿಗಳು ನನ್ನನ್ನು ಕೇಳಬಹುದಾದ ಮಾತೊಂದು ಉಳಿದಿದೆ. ಅದಕ್ಕೆ ನನ್ನಲ್ಲಿ ಉತ್ತರ ಕಡಿಮೆ. ಅಮೆರಿಕದಲ್ಲಿ ಜೆ.ಸಿ. ಪೆನ್ನಿ ಎಂಬ ದೊಡ್ಡ ಬಟ್ಟೆ ಅಂಗಡಿಗಳ ಸರಣಿಯಿದೆ. 2012ರಲ್ಲಿ ಅದರ ಹೊಸ ಮುಖ್ಯಸ್ಥರು ಕೂಪನ್‌ಗಳನ್ನೂ ಸುಳ್ಳು ರಿಯಾಯಿತಿಗಳನ್ನೂ ತೆಗೆದುಹಾಕಿ, ಮೊದಲಿನಿಂದಲೇ ಕಡಿಮೆಯಾದ ಒಂದೇ ಬೆಲೆಯನ್ನು ಬರೆಯಿಸಿದರು. ಜನ ಸಂತೋಷಪಡಬೇಕಿತ್ತು. ಆ ವರ್ಷ ಮಾರಾಟ ಸುಮಾರು ಕಾಲು ಭಾಗ ಕುಸಿಯಿತು. 2013ರ ಏಪ್ರಿಲ್‌ನಲ್ಲಿ ಮುಖ್ಯಸ್ಥರು ಹುದ್ದೆ ಕಳೆದುಕೊಂಡರು, ಕೂಪನ್‌ಗಳು ಮರಳಿ ಬಂದವು.

ನನ್ನ ಪರಿಚಯದ ಬಟ್ಟೆ ವ್ಯಾಪಾರಿಯೊಬ್ಬರು ಕೆಚ್ಚಲಿನ ಹದೀಸಿನ ಬಗ್ಗೆ ನಾನು ಮಾಡಿದ ಒಂದು ಭಾಷಣವನ್ನು ಕೇಳಿ, ಮುಂದಿನ ರಮಝಾನಿನಲ್ಲಿ ಫಲಕಗಳನ್ನೆಲ್ಲ ಇಳಿಸಿದರು. ಪ್ರತಿ ಬಟ್ಟೆಗೂ ಒಂದೇ ಬೆಲೆ, ಅದೂ ಕಡಿಮೆಯದು. ಪಕ್ಕದ ಎರಡು ಅಂಗಡಿಗಳಲ್ಲಿ ಶೇಕಡಾ 60ರ ಫಲಕ ಹಾಗೇ ಇತ್ತು. ಇಪ್ಪತ್ತೇಳನೆಯ ರಾತ್ರಿ ಕಳೆಯುವಷ್ಟರಲ್ಲಿ ಅವರ ಅಂಗಡಿಯಲ್ಲಿ ಹಿಂದಿನ ವರ್ಷದ ಅರ್ಧದಷ್ಟೂ ಮಾರಾಟವಾಗಿರಲಿಲ್ಲ. ಈದ್ ಕಳೆದು ಭೇಟಿಯಾದಾಗ ನಾನು ಸಮಾಧಾನ ಹೇಳಲು ಹೋದೆ. ಅವರು ಚಹಾ ತರಿಸಿದರು. ಲೆಕ್ಕದ ಪುಸ್ತಕವನ್ನು ಮುಚ್ಚಿ ಬದಿಗಿಟ್ಟು ಕೇಳಿದರು: ‘ಉಸ್ತಾದರೇ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಮನೆಯವರೂ ಮಕ್ಕಳೂ ನನ್ನ ಅಂಗಡಿಗೆ ಬಂದು, ಚೀಟಿ ನೋಡಿ, ಇಲ್ಲಿ ರಿಯಾಯಿತಿ ಇಲ್ಲವಾ ಎಂದು ಕೇಳಿ ಪಕ್ಕದ ಅಂಗಡಿಗೆ ಹೋದರು. ಮುಂದಿನ ವರ್ಷ ನಾನು ಏನು ಮಾಡಲಿ?’